ಥ್ಯಾಕರೆ ಎಂಬ ಅಡ್ಡಹೆಸರು: ಕಿತ್ತೂರಿನ ಸಂದರ್ಭದಲ್ಲಿ ಒಂದು ವಿವೇಚನೆ

ಊರ ಹೆಸರು ಮನೆತನಕ್ಕೆ ಅಂಟಿಕೊಳ್ಳುವ ವಾಡಿಕೆ ಬೆಳಗಾವಿ ಸೀಮೆಯಲ್ಲಿ ಸರ್ವಸಾಮಾನ್ಯವಾದುದು. ಐನಾಪುರ ಎಂಬ ಊರಿನಿಂದ ಐನಾಪುರೆ ಎಂಬ ಅಡ್ಡಹೆಸರು ಹುಟ್ಟಿದೆ. ಆ ಹೆಸರಿನವರೆಲ್ಲರೂ ಒಂದೇ ಕುಲದವರೆಂದು ನಮ್ಮಲ್ಲಿ ಯಾರೂ ಹೇಳರು. ಆಂಗ್ಲ ಹೆಸರುಗಳ ವಿಷಯದಲ್ಲಿಯೂ ಇದೇ ಎಚ್ಚರಿಕೆ ಅವಶ್ಯವೆಂಬುದಕ್ಕೆ ಥ್ಯಾಕರೆ ಎಂಬ ಹೆಸರನ್ನು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಇದೂ ಮೂಲತಃ ಯಾರ್ಕ್‌ಶೈರ್ ಪ್ರಾಂತದ ಒಂದು ಸ್ಥಳನಾಮವೇ. ಹಳೆಯ ನಾರ್ಸ್ ಭಾಷೆಯ ಎರಡು ಪದಗಳು ಇದರಲ್ಲಿ ಕೂಡಿವೆ. ಒಂದಕ್ಕೆ ಚಾವಣಿಗೆ ಹೊದಿಸುವ ಹುಲ್ಲು, ಇನ್ನೊಂದಕ್ಕೆ ಮೂಲೆ ಎಂದು ಅರ್ಥ.

ಕನ್ನಡಿಗರಿಗೆ ಈ ಹೆಸರು ಪರಿಚಿತವಾದುದು ಕಿತ್ತೂರಿನಿಂದ. ಧಾರವಾಡದ ಕಲೆಕ್ಟರನಾಗಿದ್ದ ಸೇಂಟ್ ಜಾನ್ ಥ್ಯಾಕರೆಯು ಶಿವಲಿಂಗರುದ್ರ ಸರ್ಜನ ದತ್ತಕವನ್ನು ಮನ್ನಿಸದೆ, ಸಂಸ್ಥಾನದ ಬೊಕ್ಕಸಕ್ಕೆ ಮುದ್ರೆಯೊತ್ತಿಸಿದನು. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಸೈನ್ಯದ ಎದುರು ಕೋಟೆಯ ಬಾಗಿಲಲ್ಲಿಯೇ ಹತನಾದನು. ಅವನನ್ನು ಗುಂಡಿಕ್ಕಿ ಕೊಂದವನು ಅಮಟೂರ ಬಾಳಪ್ಪನೆಂದು ನಾಡಿನ ನೆನಪು. ಅಂದು ಸೆರೆಸಿಕ್ಕ ವಾಲ್ಟರ್ ಎಲಿಯಟ್ಟನು ಮುಂದೆ ಕನ್ನಡ ಶಾಸನಗಳ ಪ್ರತಿಗಳನ್ನು ನೂರಾರು ಸಂಖ್ಯೆಯಲ್ಲಿ ಕೂಡಿಸಿದನೆಂಬುದನ್ನು ಶಾಸನಾಭ್ಯಾಸಿಗಳು ಬಲ್ಲರು.

1811ರಲ್ಲಿ ಕಲಕತ್ತೆಯಲ್ಲಿ ಹುಟ್ಟಿದ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆಯು ಈ ಕಲೆಕ್ಟರನ ಅಣ್ಣ ರಿಚ್ಮಂಡನ ಮಗ. ಕಿತ್ತೂರಿನ ಕಾಳಗ ನಡೆದಾಗ ಅವನಿನ್ನೂ ಹದಿಮೂರರ ಬಾಲಕ. ಅಜ್ಜ, ತಂದೆ, ಚಿಕ್ಕಪ್ಪ ಎಲ್ಲರೂ ಕಂಪನಿಯ ಊಳಿಗದವರು. ಮದರಾಸಿನಲ್ಲಿ ರಯತವಾರಿ ಪದ್ಧತಿಯನ್ನು ಸಮರ್ಥಿಸಿದ ವಿಲಿಯಂ ಥ್ಯಾಕರೆಯೂ ಇದೇ ಮನೆತನದವನು. ಇಲ್ಲಿ ಹೆಸರಿನ ಸಾಮ್ಯವು ನಿಜವಾದ ಬಂಧುತ್ವವೇ ಆಗಿದೆ. ಡಿಸೆಂಬರಿನ ಮುತ್ತಿಗೆಯಲ್ಲಿ ಮಡಿದ ಸಬ್ ಕಲೆಕ್ಟರ್ ಮನ್ರೊ ಕೂಡ ಥಾಮಸ್ ಮನ್ರೊನ ಸಂಬಂಧಿಯೇ. ಕಂಪನಿಯ ಆಡಳಿತವು ಕೆಲವೇ ಕುಟುಂಬಗಳ ಕೈಯಲ್ಲಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆದರೆ ಮರಾಠಿ ಲೇಖಕ, ಸಮಾಜಸುಧಾರಕ ಕೇಶವ ಸೀತಾರಾಮ ಠಾಕರೆಯವರ ವಿಷಯವೇ ಬೇರೆ. ಆ ಕಾದಂಬರಿಕಾರನ ಮೇಲಿನ ಅಭಿಮಾನದಿಂದ ಅವರು ತಮ್ಮ ಹೆಸರಿಗೆ ಇಂಗ್ಲಿಷಿನಲ್ಲಿ ಅವನದೇ ಕಾಗುಣಿತವನ್ನು ಆರಿಸಿಕೊಂಡರೆಂದು ಹೇಳಲಾಗುತ್ತದೆ. ಅವರ ಮಗ ಬಾಳ ಠಾಕರೆಯವರು 1966ರಲ್ಲಿ ಶಿವಸೇನೆಯನ್ನು ಸ್ಥಾಪಿಸಿದರು. ಬೆಳಗಾವಿಯು ಮೈಸೂರು ರಾಜ್ಯದಲ್ಲಿಯೇ ಉಳಿಯಬೇಕೆಂದು ಮಹಾಜನ ಆಯೋಗವು 1967ರಲ್ಲಿ ಶಿಫಾರಸು ಮಾಡಿದ ತರುವಾಯ, 1969ರ ಗಡಿ ಚಳವಳಿಯಲ್ಲಿ ಬಾಳ ಠಾಕರೆಯವರು ಬಂಧಿತರಾದರು. ಹೀಗೆ ಅದೇ ಕಾಗುಣಿತದ ಹೆಸರು ಕಿತ್ತೂರಿನ ಸೀಮೆಗೆ ಮತ್ತೊಮ್ಮೆ ಎದುರಾಯಿತು. ಕಲೆಕ್ಟರನಿಗೂ ಇವರಿಗೂ ರಕ್ತಸಂಬಂಧವೇನೂ ಇಲ್ಲ.