ಕಡಲು ಬಾಗಿಲಿಕ್ಕುವ ಕಾಲ

ಪಶ್ಚಿಮ ಸಮುದ್ರದ ತಡಿಯಲ್ಲಿ ಮನೆಮಾಡಿಕೊಂಡವರಿಗೆ ವರ್ಷದಲ್ಲಿ ಎರಡು ಕಡಲುಗಳುಂಟು. ಶ್ರಾವಣದ ಹುಣ್ಣಿಮೆಯಿಂದ ವೈಶಾಖದ ಕೊನೆಯವರೆಗೆ ದೋಣಿಗೆ ದಾರಿಬಿಡುವ, ಬಲೆಗೆ ಮೀನುಕೊಡುವ, ದೂರದೇಶದ ಹಾಯಿಗಳನ್ನು ಬರಮಾಡಿಕೊಳ್ಳುವ ಕಡಲು ಒಂದು. ಜ್ಯೇಷ್ಠದಲ್ಲಿ ನೈಋತ್ಯದ ಗಾಳಿಯೊಡನೆ ಏರಿಬಂದು, ನದಿಗಳು ತಂದು ಸುರಿವ ಕೆಂಬಣ್ಣದ ನೀರನ್ನು ಕಲಸಿಕೊಂಡು, ಹಗಲಿರುಳೆನ್ನದೆ ಮೊರೆಯುತ್ತ ಯಾರನ್ನೂ ಬಳಿಗೆ ಸೇರಿಸದ ಕಡಲು ಮತ್ತೊಂದು. ಮೊದಲನೆಯದರಿಂದ ಜನ ಬದುಕುತ್ತಾರೆ. ಎರಡನೆಯದನ್ನು ಜಗಲಿಯಲ್ಲಿ ಕುಳಿತು ನೋಡುತ್ತಾರೆ. ಕಾರವಾರದಿಂದ ಉಳ್ಳಾಲದವರೆಗೆ ಹಬ್ಬಿರುವ ನಮ್ಮ ಕರಾವಳಿಯ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಮೊದಲನೆಯ ಕಡಲಿನ ಕಥೆಯನ್ನೇ, ಎಂದರೆ ಮೆಣಸು, ಅಕ್ಕಿ, ಕುದುರೆ, ಪರಂಗಿಗಳ ಕೋಟೆ ಇವುಗಳ ಕಥೆಯನ್ನೇ ಹೇಳಿದ್ದಾರೆ. ಆದರೆ ಈ ನಾಡಿನ ವ್ಯಾಪಾರಕ್ಕೂ ಊಟಕ್ಕೂ ಯುದ್ಧಕ್ಕೂ ಹಬ್ಬಕ್ಕೂ ಕಾಲವನ್ನು ಗೊತ್ತುಮಾಡಿದುದು ಆ ಎರಡನೆಯ ಕಡಲೆಂದೇ ನನ್ನ ನಂಬಿಕೆ.

ಆಷಾಢದಲ್ಲಿ ದಡದಲ್ಲಿ ನಿಂತು ನೋಡಿದರೆ ತೆರೆಯು ಮೊದಲು ದೂರದಲ್ಲಿ ಒಂದು ಕಪ್ಪು ಗೆರೆಯಾಗಿ ಕಾಣಿಸುತ್ತದೆ. ಆಫ್ರಿಕದ ಕರೆಯಿಂದ ಇಲ್ಲಿಯವರೆಗೆ ತಡೆಯಿಲ್ಲದೆ ಬೀಸಿಬಂದ ಗಾಳಿ ಅದಕ್ಕೆ ಬಲವಿತ್ತಿದೆ. ನಡುಗಡಲಿನಲ್ಲಿಯೇ ಮೂರು ನಾಲ್ಕು ಮೀಟರು ಎತ್ತರವಿರುವ ಆ ನೀರಿನ ದಿಬ್ಬ ತೀರದ ಆಳವಿಲ್ಲದ ನೆಲವನ್ನು ಮುಟ್ಟಿದೊಡನೆ ಅದರ ಬುಡದ ವೇಗ ಕುಗ್ಗಿ, ತಲೆ ಮುಂದಕ್ಕೆ ಬಾಗಿ, ಕ್ಷಣಕಾಲ ಗೋಡೆಯಂತೆ ನಿಂತು ಉರುಳುತ್ತದೆ. ಅದು ಹಿಂದಿರುಗುವ ಹೊತ್ತಿಗೆ ಇನ್ನೊಂದು ಸಿದ್ಧವಾಗಿರುತ್ತದೆ. ನದಿಯು ಕಡಲನ್ನು ಸೇರುವ ಅಳಿವೆಯಲ್ಲಂತೂ ಈ ದೃಶ್ಯ ಇಮ್ಮಡಿ ಭಯಂಕರ: ಘಟ್ಟದ ಮಳೆಯಿಂದ ಉಕ್ಕಿದ ಹೊಳೆ ಹೊರಗೆ ನೂಕುತ್ತದೆ, ಕಡಲು ಒಳಗೆ ನೂಕುತ್ತದೆ, ಇವೆರಡರ ನಡುವೆ ಮರಳಿನ ದಿಣ್ಣೆಯ ಮೇಲೆ ತೆರೆಗಳು ಸಾಲುಸಾಲಾಗಿ ಒಡೆಯುತ್ತವೆ. ನಮ್ಮ ಹಳೆಯ ಬಂದರುಗಳೆಲ್ಲ ಇಂತಹ ಅಳಿವೆಗಳ ಒಳಗೇ ಇದ್ದುವು ಎಂಬುದನ್ನು ಇಲ್ಲಿ ನೆನೆಯಬೇಕು. ಮಂಗಳೂರಿಗೆ ನೇತ್ರಾವತಿ ಮತ್ತು ಗುರುಪುರ ಹೊಳೆಗಳು, ಬಾರಕೂರಿಗೆ ಸೀತಾನದಿ, ಬಸರೂರಿಗೆ ವಾರಾಹಿ, ಹೊನ್ನಾವರಕ್ಕೆ ಶರಾವತಿ, ಮಿರ್ಜಾನಿಗೆ ಅಘನಾಶಿನಿ. ಬೇಸಗೆಯಲ್ಲಿ ಹಡಗುಗಳಿಗೆ ಆಶ್ರಯವಿತ್ತ ಆ ಬಾಯಿಗಳೇ ಮಳೆಗಾಲದಲ್ಲಿ ದಾಟಲಾಗದ ಬಾಗಿಲುಗಳಾಗುತ್ತಿದ್ದುವು. ಒಳಗಿದ್ದವನು ಒಳಗೇ, ಹೊರಗಿದ್ದವನು ಹೊರಗೇ.

ದೂರದ ನಾವಿಕರಿಗೂ ಈ ಸಂಗತಿ ಪುರಾತನ ಕಾಲದಿಂದಲೇ ತಿಳಿದಿತ್ತು. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ಗ್ರೀಕು ವರ್ತಕನೊಬ್ಬನು ಬರೆದ ‘ಪೆರಿಪ್ಲಸ್’ ಎಂಬ ಸಮುದ್ರಯಾನದ ಕೈಪಿಡಿಯು ಈಜಿಪ್ಟಿನಿಂದ ಈ ತೀರಕ್ಕೆ ಹೊರಡುವವರು ಜುಲೈ ತಿಂಗಳಲ್ಲಿ ಹೊರಡಬೇಕೆಂದು ವಿಧಿಸುತ್ತದೆ. ಹಾಗೆ ಹೊರಟವನನ್ನು ಅದೇ ಗಾಳಿ ಕರೆತಂದರೂ ಅವನು ಇಲ್ಲಿಗೆ ತಲಪುವ ಹೊತ್ತಿಗೆ ಅದರ ಉಗ್ರತೆ ಇಳಿದಿರುತ್ತದೆ. 1442ರಲ್ಲಿ ಪಾರಸೀಕ ರಾಯಭಾರಿ ಅಬ್ದುರ್ ರಜಾಕನು ಹೊರ್ಮುಜಿನಲ್ಲಿ ತನ್ನನ್ನು ತಡೆದು ನಿಲ್ಲಿಸಿದುದರಿಂದ ಅನುಕೂಲದ ಋತು ಮೀರಿಹೋಯಿತೆಂದು ನೊಂದುಕೊಂಡು ಬರೆದಿದ್ದಾನೆ. ಕಲ್ಲಿಕೋಟೆಗೆ ಬಂದು, ಮರುವರ್ಷ ಮಂಗಳೂರಿನ ಮಾರ್ಗವಾಗಿ ವಿಜಯನಗರವನ್ನು ಸೇರಿದ ಆ ಪ್ರವಾಸಿಯ ಪುಟಗಳಲ್ಲಿ ಕಡಲಿನ ಭೀತಿ ಇಂದಿಗೂ ಮಾಸಿಲ್ಲ. ಶಿವಾಜಿಯು ಬಸರೂರಿನ ಮೇಲೆ ನೌಕೆಗಳೊಡನೆ ಎರಗಿದುದು 1665ರ ಫೆಬ್ರವರಿಯಲ್ಲಿ. ಶತ್ರುವೂ ಕೂಡ ಕಡಲಿನ ಶಾಂತಕಾಲವನ್ನು ಕಾಯಬೇಕಾಗಿತ್ತು. ಮಧ್ವಾಚಾರ್ಯರು ಮಲ್ಪೆಯ ಬಳಿ ಬಿರುಗಾಳಿಗೆ ಸಿಕ್ಕಿದ ಹಡಗೊಂದನ್ನು ತಮ್ಮ ಉತ್ತರೀಯವನ್ನು ಬೀಸಿ ದಡಕ್ಕೆ ಕರೆತಂದರೆಂದೂ, ಅದರಲ್ಲಿದ್ದ ಗೋಪೀಚಂದನದ ಗಡ್ಡೆಯೊಳಗೆ ಉಡುಪಿಯ ಕೃಷ್ಣನ ವಿಗ್ರಹ ದೊರಕಿತೆಂದೂ ಹೇಳುವ ಐತಿಹ್ಯ ಎಲ್ಲರಿಗೂ ಪರಿಚಿತವಾದದ್ದು. ದಿನವೂ ತೆರೆಯ ಸದ್ದು ಕೇಳಿ ಬೆಳೆದ ಜನ ತಮ್ಮ ಮಹಾಪುರುಷನ ಮಹಿಮೆಯನ್ನು ತೆರೆಯ ಎದುರಿಗೇ ನಿಲ್ಲಿಸಿ ಕಂಡುದು ಎಷ್ಟು ಸಹಜ!

ಆವಿಯ ಹಡಗುಗಳು ಬಂದ ಮೇಲೂ ಈ ಕ್ರಮ ಬಹುಕಾಲ ಬದಲಾಗಲಿಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ ತರುವಾಯ ಹಂಚು, ಕಾಫಿ, ಗೇರುಬೀಜಗಳು ದಕ್ಕೆಯಿಂದ ಮಂಜಿಗಳೆಂಬ ಸರಕುದೋಣಿಗಳಲ್ಲಿ ಹೊರಡುತ್ತಿದ್ದುವು. ದೊಡ್ಡ ಹಡಗುಗಳು ಅಳಿವೆಯನ್ನು ದಾಟಲಾರದೆ ಮೈಲಿಗಳಾಚೆ ಲಂಗರು ಹಾಕಿ ನಿಲ್ಲುತ್ತಿದ್ದುವು. ಮುಂಗಾರಿನ ಹೊತ್ತಿಗೆ ಅದೆಲ್ಲವೂ ನಿಂತು, ಮಂಜಿಗಳನ್ನು ಮೇಲಕ್ಕೆಳೆದು ಮಡಲು ಹೊದಿಸಿ ಬಿಡುತ್ತಿದ್ದರು.

ಆ ತಿಂಗಳುಗಳಲ್ಲಿ ಮೊಗವೀರರ, ಖಾರ್ವಿಗಳ, ಹರಿಕಂತರ ಕೇರಿಗಳಲ್ಲಿ ಬಡತನ ಕಠಿಣವಾಗಿತ್ತು; ಅದನ್ನು ಸುಂದರವಾಗಿ ಚಿತ್ರಿಸುವುದು ಅನ್ಯಾಯ. ತುಳುವರ ಆಟಿ ತಿಂಗಳೆಂದರೆ ಒಣಮೀನು, ಹಲಸಿನ ಬೀಜ, ಉಪ್ಪಿನಲ್ಲಿಟ್ಟ ಹಲಸಿನ ತೊಳೆ ಇವುಗಳಿಂದ ದಿನ ನೂಕುವ ತಿಂಗಳು. ಆದರೂ ಅದು ಬರಿಯ ನಿರುದ್ಯೋಗವಾಗಿರಲಿಲ್ಲ. ಬಲೆಯ ಹರಕನ್ನು ಹೆಣೆಯುತ್ತ ಕುಳಿತ ಹಿರಿಯರ ಕಣ್ಣು ನೀರಿನ ಮೇಲೆಯೇ ಇರುತ್ತಿತ್ತು. ನೀರಿನ ಬಣ್ಣ, ತೆರೆ ಒಡೆಯುವ ಜಾಗ, ಮೊರೆತ ತೆಂಕಣಿಂದ ಕೇಳುವುದೋ ಬಡಗಣಿಂದಲೋ ಎಂಬುದು, ಅಮಾವಾಸ್ಯೆ ಹುಣ್ಣಿಮೆಗಳ ಉಬ್ಬರ ಇವೆಲ್ಲ ಪುಸ್ತಕವಿಲ್ಲದ ವಿದ್ಯೆಯಾಗಿ ಮಕ್ಕಳಿಗೆ ಇಳಿಯುತ್ತಿದ್ದುದು ಆ ಹೊತ್ತಿನಲ್ಲಿ. ನೂಲಹುಣ್ಣಿಮೆಯಂದು ಹಾಲು, ಹೂವು, ತೆಂಗಿನಕಾಯಿಗಳನ್ನು ಸಮುದ್ರರಾಜನಿಗೆ ಅರ್ಪಿಸಿದ ಮೇಲೆಯೇ ಮತ್ತೆ ದೋಣಿ ನೀರಿಗಿಳಿಯುತ್ತಿತ್ತು. ಬೂತಾಯಿ ಮೀನು ಮೊಟ್ಟೆಯಿಡುವ ಮುಖ್ಯ ಕಾಲ ಈ ಮಳೆಗಾಲವೇ ಎಂದು ಈಗಿನ ಶಾಸ್ತ್ರ ಹೇಳುತ್ತದೆ. ಭಯಭಕ್ತಿಗಳಿಂದ ಪಾಲಿಸಿದ ಆ ವಿರಾಮ ಮೀನಿನ ಸಂತತಿಯನ್ನೂ ಕಾಯುತ್ತಿತ್ತು. ಮಳೆ ಹಿಂದೆಸರಿದ ಬಳಿಕ ಹತ್ತಾರು ಮಂದಿ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ ಬಲೆಗೆ ಬಂಗುಡೆ, ಬೂತಾಯಿಗಳು ರಾಶಿರಾಶಿಯಾಗಿ ಬೀಳುತ್ತಿದ್ದುದಕ್ಕೆ ಈ ಬಿಡುವೂ ಒಂದು ಕಾರಣ.

ಯಂತ್ರದ ದೋಣಿಗಳು ಬಂದುವು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬಲೆಗಳು ನಡುಗಡಲಿನಲ್ಲಿಯೇ ಮೀನಿನ ಹಿಂಡನ್ನು ಸುತ್ತುವರಿದುದರಿಂದ ರಂಪಣಿಯ ಕಾಲ ಮುಗಿಯಿತು. 1974ರಲ್ಲಿ ಪಣಂಬೂರಿನ ಬಂದರು ತೆರೆದು, ಮಳೆಗಾಲದಲ್ಲಿಯೂ ಹಡಗು ಬರುವಂತಾಯಿತು. ಇವುಗಳಿಂದ ಒದಗಿದ ಪ್ರಯೋಜನವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ತೆರೆಗಳು ಬದಲಾಗಿಲ್ಲ: ಉಳ್ಳಾಲದಲ್ಲಿ, ಮರವಂತೆಯಲ್ಲಿ ಅವು ಈಗಲೂ ಆಷಾಢದಲ್ಲಿ ಬಂಡೆಗಲ್ಲುಗಳ ತಡೆಗೋಡೆಗೆ ಬಡಿದು ದಂಡೆಯನ್ನು ಕಬಳಿಸುತ್ತಿವೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಂತ್ರದೋಣಿಗಳು ಮೀನು ಹಿಡಿಯಕೂಡದೆಂಬ ನಿಯಮ 2015ರಿಂದ ನಮ್ಮ ಕರಾವಳಿಯಲ್ಲಿದೆ. ಅಜ್ಜಂದಿರು ಎರಡೂವರೆ ತಿಂಗಳ ಮಟ್ಟಿಗೆ ಪಾಲಿಸಿದುದನ್ನು ನಾವು ಎರಡು ತಿಂಗಳ ಮಟ್ಟಿಗಾದರೂ ಮನಃಪೂರ್ವಕವಾಗಿ ಪಾಲಿಸುವುದು ನ್ಯಾಯ.

ಮಳೆಗಾಲದಲ್ಲಿ ಕಡಲನ್ನು ಕಾಣಬೇಕೆಂದು ಘಟ್ಟವಿಳಿದು ಬರುವ ಓದುಗರಲ್ಲಿಯೂ ಒಂದು ಪ್ರಾರ್ಥನೆಯಿದೆ. ಅವಶ್ಯವಾಗಿ ಬನ್ನಿ, ಇಷ್ಟು ದೊಡ್ಡ ದೃಶ್ಯ ನಮ್ಮ ನಾಡಿನಲ್ಲಿ ಬೇರೆಯಿಲ್ಲ. ಆದರೆ ಮಲ್ಪೆಯಲ್ಲಾಗಲಿ ಗೋಕರ್ಣದಲ್ಲಾಗಲಿ ಮುರ್ಡೇಶ್ವರದಲ್ಲಾಗಲಿ ನೀರಿಗಿಳಿಯಬೇಡಿ, ನಿಮ್ಮ ಮಕ್ಕಳನ್ನು ಇಳಿಯಗೊಡಬೇಡಿ. ದಡದಲ್ಲಿರುವ ಮೀನುಗಾರರು ಬೇಡವೆಂದರೆ ಆ ಮಾತನ್ನು ಮರುಪ್ರಶ್ನೆಯಿಲ್ಲದೆ ಕೇಳಿ.