ಚಿನ್ನ ಹುಡುಕುವವರು ಮತ್ತು ಮಸ್ಕಿಯ ಬಂಡೆ

1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಹೈದರಾಬಾದ್ ಸಂಸ್ಥಾನದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಚಿನ್ನದ ಜಾಡು ಹಿಡಿದು ಅಲೆಯುತ್ತಿದ್ದರು. ಊರ ಗುಡ್ಡದ ಬಂಡೆಯೊಂದರ ಮೇಲೆ ಅವರ ಕಣ್ಣಿಗೆ ಅಕ್ಷರಗಳು ಬಿದ್ದವು. ಸುದ್ದಿ ಹೈದರಾಬಾದಿಗೆ ಮುಟ್ಟಿತು. ಅಲ್ಲಿ ಗುಲಾಂ ಯಜ್ದಾನಿಯವರ ನೇತೃತ್ವದಲ್ಲಿ ಪುರಾತತ್ವ ಇಲಾಖೆ ಶುರುವಾಗಿ ಆಗಷ್ಟೇ ಒಂದು ವರ್ಷವಾಗಿತ್ತು. ಎಚ್. ಕೃಷ್ಣಶಾಸ್ತ್ರಿಗಳು ಶಾಸನವನ್ನು ಓದಿದರು. ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಪುಸ್ತಿಕೆಯಾಗಿ ಅದು ಅದೇ ವರ್ಷ ಅಚ್ಚಾಯಿತು.

ಓದಿದಾಗ ತಿಳಿದದ್ದು ದೊಡ್ಡ ಸಂಗತಿ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಬಿಡಿಸಿದ ಮೇಲೂ ಬಂಡೆಗಳ ಮೇಲೆ ಮಾತಾಡುವ ‘ದೇವಾನಾಂಪ್ರಿಯ’ ಯಾರೆಂಬುದಕ್ಕೆ ಆಧಾರ ಸಿಂಹಳದ ಗ್ರಂಥಗಳಲ್ಲಿತ್ತೇ ಹೊರತು ಶಾಸನಗಳಲ್ಲಿ ಇರಲಿಲ್ಲ. ಮಸ್ಕಿಯ ಬಂಡೆಯಲ್ಲಿ ಆ ಬಿರುದಿನ ಜೊತೆಗೇ ಅಶೋಕನ ಹೆಸರಿತ್ತು.

ಈ ಕಥೆಯನ್ನು ಶಾಲೆಯ ಪುಸ್ತಕಗಳು ಅಶೋಕನ ಕಡೆಯಿಂದ ಹೇಳುತ್ತವೆ. ಚಿನ್ನ ಹುಡುಕುವವನ ಕಡೆಯಿಂದ ನೋಡಿದರೆ ಅದರಲ್ಲಿ ಇನ್ನೊಂದು ಪಾಠವಿದೆ. ತನಗೆ ಬೇಕಾದದ್ದನ್ನು ಹುಡುಕುತ್ತ ಹೋದವನಿಗೆ ಬೇರೇನೋ ಸಿಕ್ಕಿತು. ಅದು ಇದ್ದ ಜಾಗದಲ್ಲೇ ಉಳಿಯಿತು, ಓದಬಲ್ಲವರ ಕೈಗೆ ಮಾಹಿತಿ ತಲುಪಿತು.

ಆ ಕಾಲದಲ್ಲಿ ಇದು ಸಹಜ ನಡವಳಿಕೆಯೇನೂ ಆಗಿರಲಿಲ್ಲ. 1886ರಲ್ಲಿ ಸಂಸ್ಥಾನದ ಖನಿಜಗಳ ಹಕ್ಕನ್ನು 99 ವರ್ಷಗಳಿಗೆ ಒಂದು ಕೂಟಕ್ಕೆ ಕೊಡಲಾಯಿತು. ಅದರ ಆಧಾರದ ಮೇಲೆ ಲಂಡನ್ನಿನಲ್ಲಿ ಹೈದರಾಬಾದ್ (ಡೆಕ್ಕನ್) ಕಂಪನಿ ಹುಟ್ಟಿತು. ಷೇರುಗಳ ಅವ್ಯವಹಾರ ಎಷ್ಟು ದೊಡ್ಡ ಸುದ್ದಿಯಾಯಿತೆಂದರೆ 1888ರಲ್ಲಿ ಬ್ರಿಟನ್ನಿನ ಸಂಸತ್ತೇ ವಿಚಾರಣಾ ಸಮಿತಿ ನೇಮಿಸಬೇಕಾಯಿತು. ಲಂಡನ್ನಿನ ಪೇಟೆಗೆ ರಾಯಚೂರಿನ ನೆಲ ಒಂದು ಷೇರುಪತ್ರವಾಗಿತ್ತು.

ನೆಲದ ಮೇಲೆ ಕೆಲಸಕ್ಕೆ ಬಂದವರಿಗೆ ದಾರಿ ತೋರಿಸಿದ್ದು ಹಳೆಯ ಗುಂಡಿಗಳು. ಹಟ್ಟಿಯಲ್ಲಿ ಹಿಂದಿನವರು ಸುಮಾರು 640 ಅಡಿ ಆಳಕ್ಕೆ ಇಳಿದಿದ್ದರು. ಬಂಡೆಗೆ ಬೆಂಕಿಯಿಟ್ಟು ಕಾಯಿಸಿ, ನೀರೆರಚಿ ಬಿರುಕು ಬಿಡಿಸುವುದು ಅವರ ಕ್ರಮ. ಆಳದಲ್ಲಿ ಸಿಕ್ಕ ಆಸರೆ ಮರಗಳು ಸುಮಾರು ಎರಡು ಸಾವಿರ ವರ್ಷ ಹಳೆಯವೆಂದು ಇಂಗಾಲದ ಪರೀಕ್ಷೆ ಹೇಳಿತು. ಅದಿರು ಕುಟ್ಟಿ ಅರೆದ ಕುಳಿಗಳು ಸುತ್ತಲಿನ ಬಂಡೆಗಳ ಮೇಲಿದ್ದವು.

ತೊಡಕು ಇರುವುದು ಇಲ್ಲೇ. ಹಳೆಯ ಗುಂಡಿ ಇದ್ದಲ್ಲಿ ಚಿನ್ನವಿದೆ. ಹಾಗಾಗಿ ಹೊಸ ಗಣಿ ಅದರೊಳಗೇ ಇಳಿಯುತ್ತದೆ, ಇಳಿಯುತ್ತ ಅದನ್ನು ನುಂಗುತ್ತದೆ. ದಾರಿ ತೋರಿಸಿದ ಗುರುತನ್ನು ಅಳಿಸುವವನು ಆ ದಾರಿಯಲ್ಲಿ ನಡೆದವನೇ. ನಿಜಾಮ್ ಸರ್ಕಾರದ ಗಣಿ ಅಧಿಕಾರಿ ಲಿಯೊನಾರ್ಡ್ ಮನ್ ಹಳೆಯ ಗಣಿಗಳ ಬಗ್ಗೆ ಬರೆದಿಟ್ಟರು. ಮುಂದೆ ರೇಮಂಡ್ ಆಲ್ಚಿನ್ 1962ರಲ್ಲಿ ಭಾರತದ ಪ್ರಾಚೀನ ಚಿನ್ನದ ಗಣಿಗಾರಿಕೆಯ ಚರಿತ್ರೆ ಬರೆಯುವಾಗ ಅವರ ನೆರವಿಗೆ ಬಂದದ್ದು ಗಣಿಯವರ ಇಂಥ ಟಿಪ್ಪಣಿಗಳು. ಯಾರೂ ಬರೆದಿಡದ ಗುಂಡಿಗಳ ಚರಿತ್ರೆ ಅದಿರಿನ ಜೊತೆಗೇ ಪುಡಿಯಾಯಿತು.

ಆಳಕ್ಕೆ ಇಳಿಯದೆ ಚಿನ್ನ ತೆಗೆಯುವವರೂ ಇದ್ದರು. ಸಂಸ್ಥಾನದ ಗಡಿಯಾಚೆ, ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿ ಜಲಗಾರರು ಹಳ್ಳದ ಮರಳನ್ನು ತೊಳೆದು ಚಿನ್ನದ ಕಣ ಆಯುತ್ತಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಡಂಬಳದ ಬೆಟ್ಟಗಳ, ಅಂದರೆ ಇಂದಿನ ಕಪ್ಪತಗುಡ್ಡದ, ಚಿನ್ನದ ಶಿಲೆಗಳ ಬಗ್ಗೆ ಬರೆದರು. ಯಾವ ಹಳ್ಳದಲ್ಲಿ ಎಷ್ಟಿದೆ ಎಂದು ನೋಡಲು ಅವರೂ ಜಲಗಾರರ ಕೈಯಲ್ಲೇ ಮರಳು ತೊಳೆಸಿದರು. ಮಳೆ ತಂದು ಹಾಕಿದ ಮರಳನ್ನು ತೊಳೆದು ಅಲ್ಲೇ ಬಿಟ್ಟರೆ ಮುಂದಿನ ಮಳೆ ಅದನ್ನು ಮತ್ತೆ ಹರಡುತ್ತದೆ. ದಡ ಅಗೆಯುವವರೆಗೆ, ಪಾದರಸ ಬೆರೆಸುವವರೆಗೆ ಹಳ್ಳಕ್ಕೆ ಆಗುವ ಪೆಟ್ಟು ಸಣ್ಣದು. ಪಾದರಸ ಬಿದ್ದರೆ ಲೆಕ್ಕವೇ ಬೇರೆ: ಅದು ಕೆಸರಿಗಿಳಿದು, ಮೀನಿಗೆ ಸೇರಿ, ಮೀನು ತಿಂದವರ ಮೈಗೂ ಬರುತ್ತದೆ. ‘ಜಲಗಾರ’ ಎಂಬ ಮಾತು ಕನ್ನಡದಲ್ಲಿ ಬೀದಿ ಗುಡಿಸುವವನಿಗೂ ಸಲ್ಲುತ್ತದೆ. ಕುವೆಂಪು ಅವರ ನಾಟಕದ ಜಲಗಾರ ಅಂಥವನು. ಕಸದಲ್ಲಿ ಚಿನ್ನ ಆಯುವ ಕೆಲಸಕ್ಕೆ ಸಮಾಜ ಕೊಟ್ಟ ಬೆಲೆಯೂ ಆ ಮಾತಿನಲ್ಲಿದೆ.

ಇಂದು ವಾರಾಂತ್ಯದ ಹವ್ಯಾಸವೆಂದು ಚಿನ್ನ ಹುಡುಕುವುದು ಹಲವು ದೇಶಗಳಲ್ಲಿ ಇದೆ. ಭಾರತದ ಕಾನೂನಿನಲ್ಲಿ ಅಂಥ ಹವ್ಯಾಸಕ್ಕೆ ಜಾಗವಿಲ್ಲ. 1957ರ ಗಣಿ ಮತ್ತು ಖನಿಜ ಕಾಯ್ದೆಯ ಪ್ರಕಾರ ಚಿನ್ನದ ಶೋಧನೆಗೂ ಪರವಾನಗಿ ಬೇಕು. ನೆಲದಲ್ಲಿ ಹುದುಗಿದ ಹತ್ತು ರೂಪಾಯಿ ಮೀರಿದ ನಿಧಿ ಸಿಕ್ಕರೆ ಕಲೆಕ್ಟರರಿಗೆ ತಿಳಿಸಬೇಕೆಂದು 1878ರ ನಿಧಿ ಕಾಯ್ದೆ ಹೇಳುತ್ತದೆ. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು.

ಆದರೆ ಕಾನೂನು ಮುಟ್ಟದ ಸಣ್ಣ ಸಂಗತಿಗಳೂ ಇವೆ. ಗುಡ್ಡ ಸುತ್ತುವವನು ಹಳೆಯ ಗುಂಡಿಯೊಳಕ್ಕೆ ಇಳಿಯದಿರಬಹುದು, ಅರೆಯುವ ಕಲ್ಲನ್ನು ಮನೆಯ ಅಂಗಳಕ್ಕೆ ತರದಿರಬಹುದು. ಬೂದಿ, ಮಡಕೆ ಚೂರು, ಮಣಿ ಕಂಡರೆ ಫೋಟೊ ತೆಗೆದು, ಜಾಗ ಗುರುತಿಸಿ, ಪುರಾತತ್ವ ಇಲಾಖೆಗೆ ಒಂದು ಪತ್ರ ಬರೆಯಬಹುದು. ಮಣಿ ಜೇಬಿಗೆ ಬಿದ್ದ ಗಳಿಗೆಯಲ್ಲೇ ಅದು ಯಾವ ಪದರದ್ದು, ಯಾರ ಕಾಲದ್ದು ಎಂಬ ಪ್ರಶ್ನೆಗೆ ಉತ್ತರ ಕಳೆದುಹೋಗುತ್ತದೆ.

ಹಟ್ಟಿಯ ಹಳೆಯ ಗಣಿ ಹೇಗಿತ್ತೆಂದು ತಿಳಿಯಲು ಈಗ ಹಳೆಯ ಟಿಪ್ಪಣಿಗಳನ್ನು ನೋಡಬೇಕು. ಮಸ್ಕಿಯ ಶಾಸನವನ್ನು ಗುಡ್ಡ ಹತ್ತಿದರೆ ಇಂದಿಗೂ ಅದೇ ಬಂಡೆಯ ಮೇಲೆ ನೋಡಬಹುದು.