ನಮ್ಮ ಸೀಮೆಯ ದುಡಿಮೆ ಮತ್ತು ಓದಿದ ವಿಷಯ

ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಶಾಲೆಯ ಗುರುಗಳು ಕೇಳಿದಾಗ ನನಗೆ ಮೊದಲು ನೆನಪಾದದ್ದು ಹತ್ತನೆಯ ತರಗತಿಯ ಫಲಿತಾಂಶ ಬಂದ ದಿನ. ಕಲ್ಲಿನ ಖಣಿಯಿಂದ ಮೈತುಂಬ ಧೂಳಾಗಿ ಬಂದಿದ್ದ ನಮ್ಮ ಕಾಕಾ, “ಪಾಸಾದಿ, ಛಲೋ ಆತು. ಮುಂದ ಏನ್ ಓದ್ತಿ? ಅದು ಓದಿದವರಿಗಿ ಕೆಲಸ ಎಲ್ಲಿ ಸಿಗ್ತದ?” ಎಂದು ಕೇಳಿದ್ದರು. ಆಗ ಉತ್ತರ ಹೊಳೆಯಲಿಲ್ಲ. ಮುಂದೆ ಇತಿಹಾಸ ಓದಿ ಶಿಕ್ಷಕನಾದೆ. ಕಾಕಾ ಕೇಳಿದ ಪ್ರಶ್ನೆಯನ್ನೇ ನಮ್ಮ ಸೀಮೆಯ ಇತಿಹಾಸಕ್ಕೆ ಕೇಳುವುದು ಈ ಲೇಖನದ ಉದ್ದೇಶ.

ನಮ್ಮದು ಓದಿಲ್ಲದ ಸೀಮೆಯೇನಲ್ಲ. ನಮ್ಮ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದ ಶ್ರೀವಿಜಯ ‘ಕವಿರಾಜಮಾರ್ಗ’ ರಚಿಸಿದ. ಅದೇ ಅರಸನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಮುಂದೆ ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಚಿತ್ತಾಪುರದ ಹತ್ತಿರದ ನಾಗಾವಿಯಲ್ಲಿ ಘಟಿಕಾಸ್ಥಾನವಿತ್ತು. ಅಲ್ಲಿನ 1058ರ ಶಾಸನದಲ್ಲಿ ವೇದ ಓದುವ 200 ಮತ್ತು ಶಾಸ್ತ್ರ ಓದುವ 50 ವಿದ್ಯಾರ್ಥಿಗಳ ಲೆಕ್ಕವಿದೆ. ವೇದಕ್ಕೆ ಮೂವರು, ಶಾಸ್ತ್ರಗಳಿಗೆ ಮೂವರು ಉಪಾಧ್ಯಾಯರು. ಪುಸ್ತಕ ಭಂಡಾರ ನೋಡಿಕೊಳ್ಳಲು ಆರು ಜನ ‘ಸರಸ್ವತೀ ಭಂಡಾರಿಗರು’. ಯಾರು ಯಾವ ವಿಷಯ ಬಲ್ಲವರು, ಅದರಿಂದ ಅವರ ಜೀವನ ಹೇಗೆ ನಡೆಯಬೇಕು ಎಂಬುದನ್ನು ಹೀಗೆ ಕಲ್ಲಿನಲ್ಲೇ ಬರೆಸಿಟ್ಟಿದ್ದಾರೆ. ಆದರೆ ಅದೇ ನಾಗಾವಿಯ ಅರವತ್ತು ಕಂಬದ ಗುಡಿಯ ಕಂಬಗಳನ್ನು ಕಡೆದವರು ಯಾವ ವಿದ್ಯೆ ಬಲ್ಲವರು ಎಂಬ ಲೆಕ್ಕ ಆ ಎಣಿಕೆಯಲ್ಲಿ ಸೇರಿಲ್ಲ.

ನಿಜಾಮರ ಆಳಿಕೆಯಲ್ಲಿ ಕಚೇರಿಯ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲೇ. ಮನೆಯಲ್ಲಿ ಕನ್ನಡ ಆಡುವ ರೈತರ ಮಕ್ಕಳಿಗೆ ದಫ್ತರದ ಕೆಲಸ ಬೇಕಾದರೆ ಮೊದಲು ಇನ್ನೊಂದು ಭಾಷೆ ಕಲಿಯಬೇಕಿತ್ತು. ಇದೇ ಕಾಲಕ್ಕೆ ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ಬಂತು. 1936ರಲ್ಲಿ ಹತ್ತು ಸಿಮೆಂಟ್ ಕಂಪನಿಗಳು ಕೂಡಿ ಎಸಿಸಿ ಆದಾಗ ಶಹಾಬಾದಿನದೂ ಅದರಲ್ಲಿ ಸೇರಿತು. ಹೊಲದ ಕೆಲಸ ಮುಗಿದ ದಿನಗಳಲ್ಲಿ ಕಲ್ಲಿನ ಖಣಿಗೆ ಹೋಗುತ್ತಿದ್ದ ಜನಕ್ಕೆ ಮಸ್ಟರ್ ಬುಕ್ಕು, ಪಾಳಿ, ಸೈರನ್ನು ಪರಿಚಯವಾದವು.

1948ರ ಸೆಪ್ಟೆಂಬರ್ 17ರಂದು ವಿಮೋಚನೆಯಾಗಿ, 1956ರಲ್ಲಿ ಕನ್ನಡ ನಾಡಿಗೆ ಸೇರಿದ ಮೇಲೆ ಓದಿನ ದಾರಿಗಳು ಹೆಚ್ಚಿದವು. 1958ರಲ್ಲಿ ಕಲಬುರಗಿಯಲ್ಲಿ ಪಿಡಿಎ ಇಂಜಿನಿಯರಿಂಗ್ ಕಾಲೇಜು, 1980ರಲ್ಲಿ ವಿಶ್ವವಿದ್ಯಾಲಯ ಆರಂಭವಾದವು. ಇತ್ತ 1968ರಲ್ಲಿ ವಾಡಿಯಲ್ಲಿ, 1980ರ ದಶಕದಲ್ಲಿ ಸೇಡಂ ಮತ್ತು ಮಳಖೇಡದಲ್ಲಿ, ಆಮೇಲೆ ಚಿಂಚೋಳಿ ಕಡೆಗೂ ಸಿಮೆಂಟ್ ಕಾರ್ಖಾನೆಗಳು ಬಂದವು. ಎಲ್ಲಕ್ಕೂ ಕಾರಣ ನಮ್ಮ ಕಾಲಡಿಯ ಸುಣ್ಣದ ಕಲ್ಲು.

ಈ ಕಾರ್ಖಾನೆಯನ್ನು ಒಂದು ದೊಡ್ಡ ಶಾಲೆಯಂತೆ ನೋಡಬಹುದು, ವಿಭಾಗಕ್ಕೊಂದು ವಿಷಯ. ಕಲ್ಲು ಎಲ್ಲಿ ಎಷ್ಟಿದೆ ಎಂದು ಹೇಳುವವರು ಭೂವಿಜ್ಞಾನ ಓದಿದವರು. ಸಿಡಿಮದ್ದು ಇಡಿಸುವವರು ಗಣಿ ಸುರಕ್ಷತಾ ಇಲಾಖೆಯ ಬ್ಲಾಸ್ಟರ್, ಮೇಟ್ ಪ್ರಮಾಣಪತ್ರ ಪಡೆದವರು. ಸುಮಾರು 1,450 ಡಿಗ್ರಿ ಕಾವಿನಲ್ಲಿ ಕ್ಲಿಂಕರ್ ಆಗುವ ಕಚ್ಚಾಮಾಲಿನಲ್ಲಿ ಸುಣ್ಣ, ಸಿಲಿಕಾ ಎಷ್ಟಿರಬೇಕೆಂದು ನೋಡುವವರು ರಸಾಯನಶಾಸ್ತ್ರದ ಬಿಎಸ್‌ಸಿಯವರು. ಗಿರಣಿ, ಮೋಟಾರು ನೋಡಿಕೊಳ್ಳುವವರು ಡಿಪ್ಲೊಮಾ ಇಲ್ಲವೆ ಐಟಿಐನಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್, ವೆಲ್ಡರ್ ಓದಿದವರು. ಲೆಕ್ಕಪತ್ರಕ್ಕೆ ಬಿಕಾಂ. ಚೀಲ ತುಂಬಿ ಹೇರುವ ಕಡೆ ಮಾತ್ರ ಏನು ಓದಿದಿ ಎಂದು ಯಾರೂ ಕೇಳುವುದಿಲ್ಲ. ನಮ್ಮ ಹಳ್ಳಿಗಳ ಎಷ್ಟೋ ಹುಡುಗರು ಅಲ್ಲೇ ಗುತ್ತೆದಾರನ ಕೈಕೆಳಗೆ ನಿಂತಿದ್ದಾರೆ. ಕಲ್ಲು ನಮ್ಮ ನೆಲದ್ದು, ಧೂಳು ನಮ್ಮ ತೊಗರಿ ಹೊಲದ ಮೇಲೆ ಬೀಳುವುದು. ಕಾಯಂ ಕೆಲಸಕ್ಕೆ ಮಾತ್ರ ನಮ್ಮ ಹುಡುಗರ ಕೈಯಲ್ಲಿ ಕಾಗದವಿಲ್ಲ.

1971ರ ಜನಗಣತಿಯಲ್ಲಿ ಪದವೀಧರರಿಗೂ ತಾಂತ್ರಿಕ ಶಿಕ್ಷಣ ಪಡೆದವರಿಗೂ ಒಂದು ಪ್ರತ್ಯೇಕ ಕಾರ್ಡು ಕೊಟ್ಟು, ಯಾವ ವಿಷಯ ಓದಿದ್ದೀರಿ, ಈಗ ಏನು ಕೆಲಸ ಮಾಡುತ್ತಿದ್ದೀರಿ ಎಂದು ಕೇಳಿದ್ದರು. ದೇಶಕ್ಕೆ ಅದು ಬೇಕಾದ ಲೆಕ್ಕವೇ. ಆದರೆ ನಮ್ಮ ಕಾಕಾನಂಥವರ ಕೈಗೆ ಆ ಕಾರ್ಡು ಬರುವಂತಿರಲಿಲ್ಲ.

ಕಾಕಾ ಫರ್ಸಿ ಕಲ್ಲಿನ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ಬಡಿದು, ಸಪ್ಪಳ ಕೇಳಿ, ಒಳಗೆ ಬಿರುಕಿದೆಯೋ ಇಲ್ಲವೋ ಹೇಳುತ್ತಿದ್ದರು. ಯಾವ ಪದರಿಗೆ ಉಳಿ ಇಟ್ಟರೆ ಕಲ್ಲು ಹಪ್ಪಳದಂತೆ ಏಳುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಹೊಸದಾಗಿ ಬಂದ ಸಾಹೇಬರೂ ಅವರನ್ನೇ ಕರೆದು ಕೇಳುತ್ತಿದ್ದರು. ಒಮ್ಮೆ ಮೇಟ್ ಕೆಲಸದ ಅರ್ಜಿ ತಂದು ನನ್ನ ಕೈಗೆ ಕೊಟ್ಟು ಓದಿಸಿದರು. ಹೆಸರು, ವಯಸ್ಸು, ಅನುಭವ ಎಲ್ಲಕ್ಕೂ ಹುರುಪಿನಿಂದ ಉತ್ತರ ಹೇಳಿದರು. ‘ವಿದ್ಯಾರ್ಹತೆ’ ಎಂದು ಓದಿದಾಗ ಸುಮ್ಮನಾದರು. ಅರ್ಜಿ ತಿರುಗಿ ಇಸಿದುಕೊಂಡು, ಮಡಚಿ ಕಿಸೆಯಲ್ಲಿಟ್ಟು, “ಇರ್ಲಿ ಬಿಡಪ್ಪಾ” ಅಂದರು. ಆ ಮಾತು ಮತ್ತೆ ಅವರ ಬಾಯಲ್ಲಿ ಬರಲಿಲ್ಲ. ಕಡೆಯವರೆಗೂ ಮಸ್ಟರಿನಲ್ಲಿ ಅವರು ‘ಕೂಲಿ’ಯಾಗಿಯೇ ಉಳಿದರು.

2012ರಲ್ಲಿ ಸಂಸತ್ತು ಒಪ್ಪಿದ ಸಂವಿಧಾನ ತಿದ್ದುಪಡಿಯಿಂದ ನಮ್ಮ ಭಾಗಕ್ಕೆ 371(ಜೆ) ವಿಶೇಷ ಸ್ಥಾನ ಸಿಕ್ಕಿತು. ಪ್ರಾದೇಶಿಕ ವೃಂದದ ಸರ್ಕಾರಿ ಹುದ್ದೆಗಳಲ್ಲಿ ಗ್ರೂಪ್ ‘ಸಿ’ಗೆ ಶೇ. 80, ಗ್ರೂಪ್ ‘ಡಿ’ಗೆ ಶೇ. 85 ಸ್ಥಳೀಯರಿಗೆ ಮೀಸಲು. ಇದು ಹೋರಾಡಿ ಪಡೆದ ಹಕ್ಕು. ಆದರೆ ಈ ಹಕ್ಕನ್ನು ಬಳಸಿಕೊಳ್ಳಲೂ ವಿದ್ಯಾರ್ಹತೆಯ ಆ ಖಾನೆ ತುಂಬಲೇಬೇಕು.

ನನ್ನ ಸಂಗಡ ಓದಿದವರಲ್ಲಿ ಒಬ್ಬ ಫಿಟ್ಟರ್ ಓದಿ ಕಾರ್ಖಾನೆ ಸೇರಿದ. “ನೀ ಬಿ.ಎ. ಮಾಡಿ ಏನ್ ಮಾಡ್ತಿಯೋ” ಎಂದು ನನ್ನನ್ನು ನಗುತ್ತಿದ್ದ. ಇಂದು ಅವನ ಮಗಳಿಗೆ ನಾಗಾವಿ ಶಾಸನದ ಪಾಠ ಹೇಳಿದವನು ನಾನು. ನಮ್ಮ ಮನೆಯ ಪಂಪು ಕೆಟ್ಟರೆ ಬರುವವನು ಅವನು. ಇಂಥ ವಿಷಯ ಮೇಲು, ಇಂಥದು ಕೀಳು ಎಂದು ನಾನು ಹೇಳಲಾರೆ. ಯಾವ ಓದಿಗೆ ಯಾವ ಕೆಲಸ ಎಂಬುದನ್ನು ಹತ್ತನೆಯ ತರಗತಿಯಲ್ಲಿರುವಾಗಲೇ ಮಕ್ಕಳಿಗೆ ತಿಳಿಸಿ ಹೇಳುವವರು ಬೇಕು ಎಂಬುದಷ್ಟೇ ನನ್ನ ಮಾತು.

ಅದಕ್ಕೆ ಶಾಲೆಗೆ ನನ್ನದೊಂದು ವಿನಂತಿ. ಇಲ್ಲಿಂದ ಹೋದ ಪ್ರತಿಯೊಬ್ಬರೂ ಮುಂದೆ ಏನು ಓದಿದರು, ಏನು ಕೆಲಸ ಹಿಡಿದರು ಎಂದು ಒಂದು ರಿಜಿಸ್ಟರ್ ಇಡಿರಿ. ನಡುವೆಯೇ ಶಾಲೆ ಬಿಟ್ಟವರ ಹೆಸರೂ, ಅವರ ಕೈಗೆ ಬಂದ ಕೆಲಸವೂ ಅದರಲ್ಲಿರಲಿ. ಕಾಕಾನ ಪ್ರಶ್ನೆಯನ್ನು ನಾಳೆ ಇನ್ನೊಬ್ಬ ಕಾಕಾ ಕೇಳಿದಾಗ, ನಮ್ಮ ಶಾಲೆಯ ಹುಡುಗ, ಹುಡುಗಿ ಆ ರಿಜಿಸ್ಟರ್ ತೆಗೆದು ತೋರಿಸುವಂತಾಗಲಿ.